ಕೋಳಿ ಗೂಡಿನ ನೈಟ್ ಶಿಫ್ಟು

ಬೆಂಗಳೂರಲ್ಲಿ ಹಿತ್ತಲಲ್ಲಿ ಕೋಳಿ ಸಾಕೋರು ಯಾರೇ ಆಗ್ಲಿ ಜೊತೆಗೆ ಇಲೀನೂ ಸಾಕ್ತಿದಾರೆ ಅಂತಾನೇ ಲೆಕ್ಕ, ಲೆಕ್ಕಕ್ಕೆ ತಗೊಂಡಿರಲ್ಲ ಅಷ್ಟೆ. ಈ ಊರಿನ ಐಟಿ ಕಂಪನಿಗಳ ಥರಾನೇ ಕೋಳಿ ಗೂಡಲ್ಲೂ ಎರಡು ಶಿಫ್ಟು. ಹಗಲೆಲ್ಲಾ ಕೋಳಿ, ಅವು ಲಾಗೌಟ್ ಆಗಿ ಕೋಲು ಹತ್ತಿ ಕೂತ್ಕೊಂಡ ಮೇಲೆ ಇಲಿ. ಅದೇ ಜಾಗ ಅದೇ ತಟ್ಟೆ ಅದೇ ನೀರು. ಇವಕ್ಕೆ ಕ್ಯಾಬ್ ಕೂಡ ಬೇಕಿಲ್ಲ, ಮೋರಿಯಿಂದ ನೇರ ಬರ್ತವೆ.

ನಮ್ಮದು ಹೊಸಕೆರೆಹಳ್ಳಿ ಕಡೆ 30-40 ಸೈಟು. ಮನೆ ಕಟ್ಟಿ ಹಿಂದೆ ಬಟ್ಟೆ ಒಗೆಯೋ ಕಲ್ಲಿನ ಪಕ್ಕ ಉಳಿದ ಚೂರು ಜಾಗದಲ್ಲಿ ಅಮ್ಮನ ಕೋಳಿ ಗೂಡು, ಅದ್ರಲ್ಲಿ ನಾಲ್ಕು ಗಿರಿರಾಜ, ಅದೇ ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯದವರು ಹಿತ್ತಲಲ್ಲಿ ಸಾಕೋಕೆ ಅಂತ ಮಾಡಿದ ತಳಿ, ನೋಡೋಕೆ ಗಂಭೀರ, ಬುದ್ಧಿ ಅಷ್ಟಕ್ಕಷ್ಟೆ. ಗೂಡಿನ ಆಚೆ ಕಾಂಪೌಂಡು, ಕಾಂಪೌಂಡಿನ ಆಚೆ ಒಂದು ಖಾಲಿ ಸೈಟು. ಖಾಲಿ ಅಂತ ಹೆಸರಿಗೆ, ಅದ್ರಲ್ಲಿ ಇಡೀ ಬೀದಿಯ ಎಳನೀರು ಬುರುಡೆ, ಒಡೆದ ಕಮೋಡು, ಹಬ್ಬದ ಮಾರನೇ ದಿನದ ಬಾಳೆಕಂದು ಎಲ್ಲಾ ಇದೆ. ಹೆಗ್ಗಣಗಳ ಪರ್ಮನೆಂಟ್ ಅಡ್ರೆಸ್ಸು ಅದು, ನಮ್ಮದು ಬರೀ ಮೆಸ್ಸು.

ಮೆಸ್ಸಿನ ಲೆಕ್ಕ ಹೇಳ್ತೀನಿ ಕೇಳಿ. ದೊಡ್ಡ ಕೋಳಿ ಒಂದು ದಿನಕ್ಕೆ ಹೆಚ್ಚು ಕಮ್ಮಿ 100ರಿಂದ 120 ಗ್ರಾಂ ಫೀಡ್ ತಿನ್ನುತ್ತೆ, ಬಲಿತ ಇಲಿ 25-30 ಗ್ರಾಂ. ಅಂದ್ರೆ ನಾಲ್ಕು ಇಲಿ ಸೇರಿದ್ರೆ ಒಂದು ಕೋಳಿ, ಮೊಟ್ಟೆ ಮಾತ್ರ ಇಡಲ್ಲ. ಇಡೋದಿರ್ಲಿ, ಇಟ್ಟಿದ್ದನ್ನೂ ಬಿಡಲ್ಲ. ಒಂದು ಇಲಿ ಅಂಗಾತ ಮಲಗಿ ಮೊಟ್ಟೆ ತಬ್ಕೊಂಡ್ರೆ ಇನ್ನೊಂದು ಅದರ ಬಾಲ ಹಿಡಿದು ಎಳ್ಕೊಂಡು ಹೋಗುತ್ತೆ ಅಂತ ಕಥೆ ಹೇಳ್ತಾರಲ್ಲ, ನಾನಂತೂ ನೋಡಿಲ್ಲ, ನೋಡಿದೀನಿ ಅಂತ ಪ್ರಮಾಣ ಮಾಡೋರು ನಮ್ಮ ಬೀದೀಲಿ ಇಬ್ಬರಿದಾರೆ. ಇನ್ನು ಸಂಸಾರದ ವಿಷಯ. ಕೋಳಿ ಕಾವಿಗೆ ಕೂತು ಮರಿ ಮಾಡೋಕೂ 21 ದಿನ, ಇಲಿ ಬಸಿರಿಗೂ 21ರಿಂದ 23 ದಿನ. ಆದ್ರೆ ಇಲಿಗೆ ಯಾರೂ ಬುಟ್ಟಿ ಇಟ್ಟು ಹುಲ್ಲು ಹಾಸಿ, ಬೆಕ್ಕು ಬಾರದ ಹಾಗೆ ಕಾಯಬೇಕಿಲ್ಲ.

ಒಂದು ರಾತ್ರಿ ಟಾರ್ಚ್ ಬಿಟ್ಟು ನೋಡಿದೆ. ತಟ್ಟೆ ಮಧ್ಯ ಒಂದು ಹೆಗ್ಗಣ, ಹಿಂಗಾಲ ಮೇಲೆ ಕೂತು ಮುಸುಕಿನ ಜೋಳದ ಒಂದೇ ಒಂದು ಕಾಳನ್ನ ಎರಡೂ ಕೈಲಿ ಹಿಡ್ಕೊಂಡು ತಿರುಗಿಸಿ ತಿರುಗಿಸಿ ನೋಡ್ತು, ಮೊಳಕೆ ಇರೋ ಮೂಲೆ ಮಾತ್ರ ಕೆರೆದು ತಿಂದು ಮಿಕ್ಕಿದ್ದನ್ನ ಹಂಗೇ ಬಿಟ್ಟು ಇನ್ನೊಂದು ಕಾಳು ಎತ್ಕೊಳ್ತು. ಬೆಳಕು ಬಿದ್ರೆ ಓಡ್ಬೇಕು ಅನ್ನೋ ಮರ್ಯಾದೆನೂ ಇಲ್ಲ. ಮೇಲೆ ಕೋಲಿನ ಮೇಲೆ ಗಿರಿರಾಜಗಳು ಕುತ್ತಿಗೆ ಒಳಗೆ ಎಳ್ಕೊಂಡು ಕೂತಿದ್ವು, ಕತ್ತಲಾದ್ರೆ ಕೋಳಿಗೆ ಕಣ್ಣು ಅಷ್ಟಾಗಿ ಕಾಣಲ್ಲ, ಇಲಿ ಬಂದು ಕಾಲ್ಬೆರಳು ಕಡಿದ್ರೂ ಅವು ಎದ್ದು ಓಡಲ್ಲ. ಹಗಲಾದ್ರೆ ಕಥೆನೇ ಬೇರೆ. ಗೋಣಿಚೀಲ ಎತ್ತಿದಾಗ ಒಂದು ಸುಂಡಿಲಿ ಆಚೆ ಬಂತು, ಕೋಳಿ ಅದನ್ನ ಕುಕ್ಕಿ, ಕಲ್ಲಿಗೆ ಬಡಿದು, ಮಿಕ್ಕ ಮೂರೂ ಹಿಂದೆ ಅಟ್ಟಿಸ್ಕೊಂಡು ಬರ್ತಿರೋವಾಗ್ಲೇ ಗುಳುಂ ಮಾಡ್ತು. ಕಾಂಪೌಂಡ್ ಮೇಲಿದ್ದ ಬೆಕ್ಕು ಇದನ್ನೆಲ್ಲಾ ಪೂರ್ತಿ ನೋಡಿ ಪಾದ ನೆಕ್ಕೋಕೆ ಶುರು ಮಾಡ್ತು.

ಬೆಕ್ಕಿನ ಮೇಲೆ ನಂಬಿಕೆ ಇಟ್ಕೋಬೇಡಿ. ಮೀನಿನ ತಲೆ ತಿಂದು ಬೆಳೆದ ಬೆಂಗಳೂರು ಬೆಕ್ಕಿಗೂ ಅಷ್ಟು ದೊಡ್ಡ ಹೆಗ್ಗಣಕ್ಕೂ ಒಳ ಒಪ್ಪಂದ ಇದೆ ಅಂತ ನನ್ನ ಅನುಮಾನ.

ಸಲಹೆ ಕೊಡೋರಿಗಂತೂ ಬರ ಇಲ್ಲ. ನುಸಿಗುಳಿಗೆ ಇಡಿ, ಪ್ಲಾಸ್ಟರ್ ಆಫ್ ಪ್ಯಾರಿಸ್‌ಗೆ ಬೆಲ್ಲ ಕಲಸಿ ಇಡಿ, ಪ್ಲಗ್ಗಿಗೆ ಹಾಕಿದ್ರೆ ಕೀಂ ಅನ್ನೋ ಮಿಷನ್ ಬರುತ್ತೆ ತರಿಸಿ. ಪಾಷಾಣ ಹಾಕಿ ಅನ್ನೋರೇ ಜಾಸ್ತಿ. ನಾನು ಅದಕ್ಕೆ ಖಂಡಿತಾ ಒಪ್ಪಲ್ಲ. ಅಂಗಡೀಲಿ ಕೇಕಿನ ಥರ ಸಿಗೋದ್ರ ಕವರ್ ಮೇಲೆ ಬ್ರೋಮಾಡಯೋಲೋನ್ ಅಂತ ಇರುತ್ತೆ ನೋಡಿ, ಅದು ರಕ್ತ ಹೆಪ್ಪುಗಟ್ಟದ ಹಾಗೆ ಮಾಡುತ್ತೆ, ತಿಂದ ಇಲಿ ಅಲ್ಲೇ ಬೀಳಲ್ಲ, ಎಷ್ಟೋ ದಿನ ಓಡಾಡ್ಕೊಂಡಿದ್ದು ಆಮೇಲೆ ಎಲ್ಲೋ ಸಾಯುತ್ತೆ, ಅಷ್ಟರಲ್ಲಿ ಅದನ್ನ ಬೆಕ್ಕು ಹಿಡಿದ್ರೆ ಬೆಕ್ಕಿಗೆ, ಗೂಬೆ ಹಿಡಿದ್ರೆ ಗೂಬೆಗೆ. ಕೋಳಿನೂ ಏನು ಕಮ್ಮಿ ಅಲ್ಲ, ಸಿಕ್ಕಿದ್ದಕ್ಕೆಲ್ಲಾ ಕೊಕ್ಕು ಹಾಕೋ ಜಾತಿ. ಆ ಮೊಟ್ಟೇನ ಮನೆ ಮಕ್ಕಳಿಗೆ ಆಮ್ಲೆಟ್ ಹಾಕೋರು ನಾವು.

ಹಂಗಾಗಿ ಬೋನು. ಆದ್ರೆ ಇಲಿಗೆ ಹೊಸ ಸಾಮಾನು ಕಂಡ್ರೆ ಗುಮಾನಿ, ತಂದ ದಿನಾನೇ ಬಾಗಿಲು ಸೆಟ್ ಮಾಡಿಟ್ರೆ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಹೋಗುತ್ತೆ. ಕೆಲವು ದಿನ ಬಾಗಿಲು ಕಟ್ಟಿ ತೆರೆದೇ ಇಟ್ಟು ಪುಕ್ಸಟ್ಟೆ ಊಟ ಹಾಕ್ಬೇಕು, ನಂಬಿಕೆ ಬಂದ ಮೇಲೆ ಕೊಕ್ಕೆ ಸಿಗಿಸ್ಬೇಕು. ತಿಂಡಿ ವಿಷಯದಲ್ಲಿ ನನ್ನ ಓಟು ಮಸಾಲೆ ವಡೆಗೆ, ಸುಟ್ಟ ಕೊಬ್ಬರಿಗಿಂತ ವಾಸಿ. ಬಿದ್ದ ಮೇಲೆ ಇರೋದು ನಿಜವಾದ ಕಷ್ಟ. ಮುಳುಗಿಸಿ ಸಾಯಿಸೋದು ಬೇಡ ಅಂತ ಅಮ್ಮ, ‘ಗಣಪತಿ ವಾಹನ ಕಣೋ, ದೂರ ಬಿಟ್ಟು ಬಾ.’ ಸರಿ ಅಂತ ಬೋನಿಗೆ ಚೀಲ ಸುತ್ತಿ ಸ್ಕೂಟರ್ ಮುಂದೆ ಇಟ್ಕೊಂಡು ಕತ್ತಲಲ್ಲಿ ರಾಜಕಾಲುವೆ ಹತ್ರ ಹೋದ್ರೆ ಅಲ್ಲಿ ಆಗ್ಲೇ ಇನ್ನೊಬ್ಬರು ಚೀಲ ಸುತ್ತಿದ ಬೋನು ಹಿಡ್ಕೊಂಡು ನಿಂತಿದ್ರು. ಕತ್ರಿಗುಪ್ಪೆಯವರಂತೆ. ಅವರ ಏರಿಯಾ ಇಲಿ ನಮ್ಮ ಕಡೆಗೆ ಬಿಡೋಕೆ ಬಂದಿದ್ರು, ನಾನು ಅವರ ಕಡೆಗೆ. ಇಬ್ಬರೂ ‘ಊಟ ಆಯ್ತಾ ಸಾರ್’ ಅಂತ ಕೇಳ್ಕೊಂಡು ಅವರವರ ಬಾಗಿಲು ಎತ್ತಿದ್ವಿ.

ಇದೇ ಅಮ್ಮ ಅಂಗಳದಲ್ಲಿ ಸತ್ತ ಇಲಿ ಕಂಡ್ರೆ ಮಾತ್ರ ಬಿಳುಚ್ಕೊಳ್ತಾಳೆ. ಅವಳಜ್ಜಿ ಕಾಲದಲ್ಲಿ ಇಲಿ ಬಿತ್ತು ಅಂದ್ರೆ ಮನೆ ಬಿಟ್ಟು ಊರಾಚೆ ಗುಡಿಸಲು ಹಾಕ್ಕೊಳ್ತಿದ್ರಂತೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತಲ್ಲ, ಕಿಷ್ಕಿಂಧೆ ಥರ ಇದ್ದ ಪೇಟೆಯಿಂದ ಜನಾನ ಆಚೆ ಹರಡಬೇಕು ಅಂತಾನೇ ಅಗಲ ರಸ್ತೆ, ಗಾಳಿ ಬೆಳಕು, ಹಿಂದೆ ಕಸ ಮಲ ಸಾಗಿಸೋಕೆ ಕನ್ಸರ್ವೆನ್ಸಿ ಗಲ್ಲಿ ಬಿಟ್ಟು ಬಸವನಗುಡಿ ಮಲ್ಲೇಶ್ವರ ಬೆಳೆಸಿದ್ದು. ಇಲಿ ಮೈಮೇಲಿನ ಚಿಗಟ ಪ್ಲೇಗ್ ಹರಡುತ್ತೆ ಅಂತ ಪಾಲ್ ಲೂಯಿ ಸಿಮೊಂ ಅನ್ನೋ ಫ್ರೆಂಚ್ ಡಾಕ್ಟರು ಕರಾಚಿಯಲ್ಲಿ ತೋರಿಸಿದ್ದೂ ಅದೇ ವರ್ಷ. ಈಗ ಗಾಂಧಿ ಬಜಾರಲ್ಲಿ ಮರದ ನೆರಳಲ್ಲಿ ನಿಂತು ಕಾಫಿ ಕುಡಿಯೋವಾಗ ಒಂದು ಗುಟುಕು ಇಲಿ ಹೆಸರಲ್ಲೂ ಕುಡೀಬೇಕು. ಪ್ಲೇಗ್ ಹೋಯ್ತು, ಇಲಿ ಜ್ವರ ಇನ್ನೂ ಇದೆ, ಅದರ ಉಚ್ಚೆ ಬಿದ್ದ ನೀರಿಂದ ಬರೋದು, ಮಳೆಗಾಲದಲ್ಲಿ ಗೂಡು ತೊಳೆಯೋವಾಗ ಬೂಟು ಗ್ಲೌಸು ಹಾಕ್ಕೊಳ್ಳಿ, ಕಾಲಲ್ಲಿ ಗಾಯ ಇದ್ರಂತೂ ಇಳೀಲೇಬೇಡಿ.

ಕೊನೆಗೆ ಕೆಲಸ ಮಾಡಿದ್ದು ಕಬ್ಬಿಣ. ಕೋಳಿ ಮೆಶ್ ಅಂತ ಮಾರೋ ಆರು ಮೂಲೆ ಜಾಲರಿ ಕೋಳಿ ಆಚೆ ಹೋಗದ ಹಾಗೆ ಮಾಡಿರೋದು, ಇಲಿ ಒಳಗೆ ಬರದ ಹಾಗಲ್ಲ. ಸುಂಡಿಲಿಗೆ 6 ಮಿಲಿಮೀಟರ್ ಸಂದಿ ಸಾಕು, ಇಲಿಗೆ ಅದರ ಎರಡರಷ್ಟು, ತಲೆ ಹೋದ್ರೆ ಮೈ ತಾನಾಗೇ ಹೋಗುತ್ತೆ. ಹಾರ್ಡ್‌ವೇರ್ ಅಂಗಡಿಗಳ ಎಸ್‌ಜೆಪಿ ರೋಡಿಂದ ಕಾಲಿಂಚಿನ ವೆಲ್ಡ್ ಮೆಶ್ ತಂದು ಗೋಡೆಗೆಲ್ಲಾ ಹೊಡೆದು, ಹೆಗ್ಗಣ ತೋಡೋ ಕಡೆ ಅದನ್ನೇ ಹೊರಗಡೆಗೆ ಮಡಿಸಿ ಮಣ್ಣಲ್ಲಿ ಹೂತು, ಗೂಡನ್ನ ಇಟ್ಟಿಗೆ ಮೇಲೆ ಒಂದೂವರೆ ಅಡಿ ಎತ್ತರಿಸಿದ್ದಾಯ್ತು. ಅದಕ್ಕಿಂತ ಮುಖ್ಯ, ಸಂಜೆ ದೀಪ ಹಚ್ಚೋ ಹೊತ್ತಿಗೆ ತಟ್ಟೆ ಒಳಗೆ, ಫೀಡು ಮುಚ್ಚಳ ಇರೋ ತಗಡಿನ ಡಬ್ಬಕ್ಕೆ, ಮೊಟ್ಟೆ ಅಡುಗೆಮನೆಗೆ. ಅನ್ನ ಇಲ್ಲ ಅಂದ್ರೆ ನೈಟ್ ಶಿಫ್ಟಿಗೆ ಯಾರು ಬರ್ತಾರೆ ಹೇಳಿ.

ಹೋದ ವಾರ ಎದುರು ಮನೆ ಅಂಕಲ್ ಗೇಟ್ ತಟ್ಟಿದ್ರು, ಕೈಲಿ ಗ್ಯಾರೇಜ್ ಬಿಲ್ಲು. ಕಾರ್ ಬಾನೆಟ್ ಒಳಗೆ ವೈರೆಲ್ಲಾ ಕಡಿದು ಹಾಕಿವೆ, ‘ಎಲ್ಲಾ ನಿಮ್ಮ ಇಲೀನೇ ಸಾರ್.’ ನಮ್ಮದಲ್ಲ ಸಾರ್, ಆ ಸೈಟಿಂದು, ನೀವೇ ದಿನಾ ಕವರ್ ಎಸೀತೀರಲ್ಲ ಅಲ್ಲಿ ಅಂದೆ. ಅವರು ಅದಕ್ಕೆ ಉತ್ತರ ಕೊಡ್ಲಿಲ್ಲ. ಸ್ವಲ್ಪ ಹೊತ್ತು ಗೂಡಿನ ಹೊಸ ಮೆಶ್ ನೋಡ್ತಾ ನಿಂತು ಆಮೇಲೆ ದನಿ ತಗ್ಗಿಸಿ, ‘ಮೊದಲಿನ ಹಾಗೆ ರಾತ್ರಿ ಸ್ವಲ್ಪ ತಿಂಡಿ ಇಟ್ಬಿಡಿ ಸಾರ್, ಫೀಡಿನ ದುಡ್ಡು ಬೇಕಾದ್ರೆ ಅರ್ಧ ನಾನು ಕೊಡ್ತೀನಿ’ ಅಂದ್ರು.