ತೋಳ ಹೊಡೆಯುವ ಮಾತು ಆಮೇಲೆ, ಮೊದಲು ಕುರಿ ಕೂಡುವ ರೊಪ್ಪದ ಬೇಲಿ ನೋಡಿ

ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು ಎಂಬುದು ಹಳೆಯ ಗಾದೆ. ಈಗ ಅದು ಹಳ್ಳಕ್ಕೆ ಬೀಳುವ ತನಕ ಕಾಯುವ ತಾಳ್ಮೆಯೂ ನಮಗಿಲ್ಲ. ಚಳ್ಳಕೆರೆ, ಮೊಳಕಾಲ್ಮೂರು, ಜಗಳೂರು ಕಡೆ ಎಲ್ಲಿ ಕುರಿ ಸತ್ತರೂ ‘ತೋಳ ವಿಪರೀತವಾಗಿವೆ, ಹೊಡೆಯಲು ಸರ್ಕಾರ ಅನುಮತಿ ಕೊಡಲಿ’ ಎಂಬ ಕೂಗು ಏಳುತ್ತದೆ. ಕುರಿ ಸಾಕುವ ಮನೆಯಲ್ಲೇ ಬೆಳೆದವನು ನಾನು. ಸಿಟ್ಟು ನ್ಯಾಯವಾದದ್ದೇ. ಕೇಳುತ್ತಿರುವ ಪರಿಹಾರ ಮಾತ್ರ ಸರಿಯಿಲ್ಲ.

ತೋಳಗಳು ನಿಜಕ್ಕೂ ಹೆಚ್ಚಿರುವುದು ಯುರೋಪಿನಲ್ಲಿ. ಅಲ್ಲಿ ಈಗ 20 ಸಾವಿರಕ್ಕೂ ಮೇಲಿವೆ. ಯುರೋಪ್ ಒಕ್ಕೂಟದ ಆಡಳಿತ ನಡೆಸುವ ಯುರೋಪಿಯನ್ ಕಮಿಷನ್ನಿನ ಅಧ್ಯಕ್ಷೆಯ ಮನೆಯ ಪುಟ್ಟ ಕುದುರೆಯೇ 2022ರಲ್ಲಿ ತೋಳಕ್ಕೆ ಬಲಿಯಾಗಿತ್ತು. 2024ರ ಡಿಸೆಂಬರಿನಲ್ಲಿ ಯುರೋಪಿನ ವನ್ಯಜೀವಿ ರಕ್ಷಣೆಗೆಂದು ಇರುವ ಬರ್ನ್ ಒಪ್ಪಂದದ ದೇಶಗಳು ತೋಳಕ್ಕಿದ್ದ ರಕ್ಷಣೆಯನ್ನು ಒಂದು ಹಂತ ಸಡಿಲಿಸಿದವು. (ನಮ್ಮ ಕುರಿಗಾರನ ಮರಿ ಸತ್ತಾಗ ಇಷ್ಟು ದೂರ ಸುದ್ದಿ ಹೋಗುವುದಿಲ್ಲ, ಇರಲಿ.) ಇಡೀ ಭಾರತದಲ್ಲಿ ಇರುವುದು ಸುಮಾರು 3 ಸಾವಿರ ಎಂಬ ಅಂದಾಜು. ಅಂದರೆ ಹುಲಿಗಿಂತಲೂ ಕಡಿಮೆ. ಯುರೋಪಿನ ಕಾನೂನನ್ನು ಇಲ್ಲಿಗೆ ತಂದರೆ ನಾಲ್ಕು ವರ್ಷದಲ್ಲಿ ತೋಳದ ಹೆಸರೇ ಅಳಿಸಿ ಹೋದೀತು.

ಹಾಗಾದರೆ ಊರ ಹತ್ತಿರ ಕಾಣುತ್ತಿರುವುದೇಕೆ? ನಮ್ಮ ತೋಳ ದಟ್ಟ ಕಾಡಿನದಲ್ಲ, ಬಯಲಿನದು. ಕೃಷ್ಣಮೃಗವೂ ಮೊಲವೂ ಇರುವ ಹುಲ್ಲುಗಾವಲಿನದು. ಚಳ್ಳಕೆರೆಯ ಅಮೃತಮಹಲ್ ಕಾವಲಿನ (ಅಮೃತಮಹಲ್ ದನಗಳ ಮೇವಿಗೆಂದು ಬಿಟ್ಟ ಹುಲ್ಲುಗಾವಲು) ಸುಮಾರು 10 ಸಾವಿರ ಎಕರೆಯನ್ನು ರಕ್ಷಣಾ ಮತ್ತು ವಿಜ್ಞಾನ ಸಂಸ್ಥೆಗಳಿಗೆ ಕೊಟ್ಟು ಗೋಡೆ ಕಟ್ಟಲಾಯಿತು. ಉಳಿದ ಕಡೆ ಬಳ್ಳಾರಿ ಜಾಲಿ, ಗಾಳಿಯಂತ್ರ, ಸೋಲಾರ್ ಫಲಕ. ಅದೇ ಗೋಡೆ ಕುರಿಗಾರನ ಮೇವನ್ನೂ ಕಸಿದುಕೊಂಡಿತು. ಮೇವು ಕಳೆದುಕೊಂಡವನೂ ಬೇಟೆ ಕಳೆದುಕೊಂಡದ್ದೂ ಉಳಿದ ಅಂಗೈಯಗಲ ಜಾಗದಲ್ಲಿ ಎದುರುಬದುರಾಗುತ್ತಿವೆ. ಕೊಪ್ಪಳ ಜಿಲ್ಲೆಯ ಬಂಕಾಪುರದಲ್ಲಿ ತೋಳಕ್ಕೆಂದೇ ಒಂದು ಧಾಮವಿದೆ, ಸಂತೋಷ. ಆದರೆ ಒಂದೇ ರಾತ್ರಿ ಹತ್ತಾರು ಕಿಲೋಮೀಟರ್ ನಡೆಯುವ ಪ್ರಾಣಿಗೆ ಕೆಲವು ನೂರು ಎಕರೆ ಯಾವ ಲೆಕ್ಕ?

ಇನ್ನು ಕಾನೂನು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಅತಿ ಹೆಚ್ಚು ರಕ್ಷಣೆ ಇರುವ ಮೊದಲ ಪಟ್ಟಿಯಲ್ಲಿ ತೋಳವಿದೆ. ಕುರಿ ತಿಂದಿತೆಂದು ಅದನ್ನು ಕೊಲ್ಲಲು ಅನುಮತಿ ಸಿಗುವುದಿಲ್ಲ. ಸಿಗದೆಂದು ಗೊತ್ತಿರುವುದರಿಂದಲೇ ಕೆಲವರು ಸತ್ತ ಕುರಿಗೆ ವಿಷ ಸವರಿಡುತ್ತಾರೆ. ಅದನ್ನು ತಿಂದು ಊರ ನಾಯಿಗಳೂ ಹದ್ದುಗಳೂ ಸಾಯುತ್ತವೆ.

ಕುರಿ ಕೊಂದದ್ದೆಲ್ಲ ತೋಳವೂ ಅಲ್ಲ. ತೋಳ ಸಾಮಾನ್ಯವಾಗಿ ಕುತ್ತಿಗೆಗೆ ಬಾಯಿ ಹಾಕುತ್ತದೆ, ಮರಿಯಾದರೆ ಹೊತ್ತುಕೊಂಡು ಹೋಗುತ್ತದೆ. ತೊಡೆ, ಹೊಟ್ಟೆ, ಬಾಲದ ಬುಡವೆಲ್ಲ ಹರಿದು, ತಿನ್ನದೆ ಬಿಟ್ಟುಹೋಗಿದ್ದರೆ ಹೆಚ್ಚಾಗಿ ಅದು ಕೋಳಿ ಅಂಗಡಿಯ ತ್ಯಾಜ್ಯ ತಿಂದು ಕೊಬ್ಬಿದ ನಾಯಿಗಳ ಹಿಂಡು. ಹೆದ್ದಾರಿ ಬದಿಯಲ್ಲಿ ರಾತ್ರಿ ಆ ಮೂಟೆ ಎಸೆದು ಹೋಗುವವರನ್ನು ಯಾರೂ ಕೇಳುವುದಿಲ್ಲ.

ನನಗೆ ನಿಜಕ್ಕೂ ಹೊಟ್ಟೆ ಉರಿಯುವುದು ಸತ್ತ ಕುರಿಗೆ ಸರ್ಕಾರ ಕೊಡುವ ಪರಿಹಾರಧನದ ವಿಷಯದಲ್ಲಿ. ಕಳೇಬರ ಬೇಕು, ಫೋಟೊ ಬೇಕು, ಪಶುವೈದ್ಯರ ವರದಿ ಬೇಕು. ತೋಳ ಕಚ್ಚಿಕೊಂಡು ಹೋದ ಮರಿಯ ಕಳೇಬರವನ್ನು ಕುರಿಗಾರ ಎಲ್ಲಿಂದ ತರಬೇಕು? ನಮ್ಮ ಹಟ್ಟಿಯ ಹಿರಿಯರೊಬ್ಬರು ಸಿಕ್ಕ ಒಂದು ಕಾಲನ್ನು ಚೀಲದಲ್ಲಿ ಹಾಕಿಕೊಂಡು ಕಚೇರಿಗೆ ಹೋಗಿದ್ದರು. ‘ಯಜಮಾನರೇ, ಇದು ಯಾವ ಕುರಿಯ ಕಾಲೆಂದು ಹೇಗೆ ಹೇಳುವುದು?’ ಎಂದು ಕೇಳಿ ಕಳಿಸಿದರಂತೆ. ಮಂದೆ ಬಿಟ್ಟು ಬಂದ ದಿನದ ಕೂಲಿಯೂ ಹೋಯಿತು, ಬಸ್ ದುಡ್ಡೂ ಹೋಯಿತು. ಹೆಜ್ಜೆ ಗುರುತು ನೋಡಿ ಪಂಚನಾಮೆ ಬರೆಯುವ ಅಧಿಕಾರವನ್ನು ಅರಣ್ಯ ರಕ್ಷಕರಿಗೇ ಕೊಟ್ಟು, ಎರಡು ವಾರದಲ್ಲಿ ಹಣ ಖಾತೆಗೆ ಬೀಳುವಂತೆ ಮಾಡಿದರೆ ವಿಷದ ಬಾಟಲಿಗೆ ಕೈ ಹಾಕುವವರು ಕಡಿಮೆಯಾಗುತ್ತಾರೆ. ತೋಳ ಉಳಿಯಲಿ ಎಂದು ದಾವಣಗೆರೆಯಲ್ಲಿ ಕುಳಿತು ಆಸೆಪಡುವ ನನ್ನಂಥವರ ಖರ್ಚನ್ನು ಹಟ್ಟಿಯವನೊಬ್ಬನೇ ಏಕೆ ಭರಿಸಬೇಕು?

ರೊಪ್ಪದ ಮಾತೂ ಆಗಲಿ. ಎದೆಯೆತ್ತರದ ಜಾಲಿ ಮುಳ್ಳಿನ ಬೇಲಿ ತೋಳಕ್ಕೆ ದೊಡ್ಡ ಅಡ್ಡಿಯಲ್ಲ. ಮುಳ್ಳು ಒಣಗಿ ಕುಸಿದ ಕಡೆ ನೆಲ ಕೆರೆದು ನುಸುಳುತ್ತದೆ. ಬುಡದಲ್ಲಿ ಕಲ್ಲು ಹೂತು, ಆಳೆತ್ತರದ ತಂತಿ ಜಾಲರಿ ಕಟ್ಟಿ, ಮರಿಗಳನ್ನು ರಾತ್ರಿ ಬೇರೆ ಗೂಡಿಗೆ ಹಾಕಿದರೆ ಅರ್ಧ ಚಿಂತೆ ಕಳೆಯುತ್ತದೆ. ಹೊಲಗಳಲ್ಲಿ ಮಂದೆ ನಿಲ್ಲಿಸುವವರಿಗೆ ಇದು ಆಗದ ಮಾತು. ಅವರಿಗೆ ಗಟ್ಟಿ ಬಲೆ, ಮಿನುಗುವ ಸೋಲಾರ್ ದೀಪ, ಕೊರಳಿಗೆ ಮುಳ್ಳಿನ ಪಟ್ಟಿ ಕಟ್ಟಿದ ಒಳ್ಳೆಯ ನಾಯಿ ಬೇಕು. ಮುಂದಿನ ಗ್ರಾಮಸಭೆಯಲ್ಲಿ ನಮ್ಮ ಹಟ್ಟಿಯವರು ಜಾಲರಿ ಮತ್ತು ದೀಪಕ್ಕೆ ಅರ್ಜಿ ಕೊಡುತ್ತಿದ್ದಾರೆ. ಕೋವಿ ಕೇಳುವ ಬೇರೆ ಹಟ್ಟಿಯವರೂ ಅದರ ಜೊತೆ ಇದನ್ನೊಂದು ಕೇಳಿ ನೋಡಲಿ.