ಡಿಸೈನ್ ಥಿಂಕಿಂಗ್: ಯಾರಿಗೆ ಏನು ಉಪಯೋಗ ಆಯಿತು?

ಡಿಸೈನ್ ಥಿಂಕಿಂಗ್ ಅಂದರೆ ಬಳಸುವ ಜನರ ಕಷ್ಟವನ್ನು ಮೊದಲು ಹೋಗಿ ನೋಡಿ, ಐಡಿಯಾಗಳನ್ನು ಮಾಡಿ ನೋಡಿ ತಿದ್ದುತ್ತಾ ಪರಿಹಾರ ಹುಡುಕುವ ವಿಧಾನ. ನಮ್ಮ ತಾಂತ್ರಿಕ ವಿಶ್ವವಿದ್ಯಾಲಯ ವಿಟಿಯುನ 2022ರ ಸ್ಕೀಮ್ (ಪಠ್ಯಕ್ರಮ) ಬಂದ ಮೇಲೆ ಇದು ಮೊದಲ ವರ್ಷದ ಇಂಜಿನಿಯರಿಂಗ್ ಪಾಠವೇ ಆಗಿದೆ. ನಮ್ಮ ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ಮಕ್ಕಳೂ ಗೋಡೆ ತುಂಬ ಬಣ್ಣದ ಚೀಟಿ ಅಂಟಿಸಿ ಐಡಿಯಾ ಬರೆಯುತ್ತಿದ್ದಾರೆ. ನನಗೆ ಈ ವಿಧಾನದ ಮೇಲೆ ನಂಬಿಕೆ ಇದೆ. ಅದಕ್ಕೇ ಕೇಳುತ್ತಿದ್ದೇನೆ, ಇದರಿಂದ ಯಾರಿಗೆ ಏನು ಉಪಯೋಗ ಆಯಿತು ಅಂತ ತೋರಿಸೋದು ಹೇಗೆ?

ಹೀಗೆ ಕೇಳಿದರೆ ಜಾಸ್ತಿ ಜನ ಮೆಕಿನ್ಸಿ ಅನ್ನೋ ಸಲಹಾ ಕಂಪನಿಯ 2018ರ ವರದಿ ಮುಂದಿಡುತ್ತಾರೆ. 300 ಕಂಪನಿಗಳನ್ನು ಐದು ವರ್ಷ ಗಮನಿಸಿದಾಗ, ಡಿಸೈನ್‌ನಲ್ಲಿ ಮುಂದಿರುವವರ ಆದಾಯದ ಬೆಳವಣಿಗೆ 32 ಪರ್ಸೆಂಟೇಜ್ ಪಾಯಿಂಟ್ ಹೆಚ್ಚಿತ್ತಂತೆ. ಸರಿ, ಆದರೆ ಚೆನ್ನಾಗಿ ನಡೆಯೋ ಕಂಪನಿ ಹತ್ತಿರ ದುಡ್ಡಿರುತ್ತದೆ, ದುಡ್ಡಿದ್ದವರು ಒಳ್ಳೆ ಡಿಸೈನರ್‌ಗಳನ್ನೂ ಇಟ್ಟುಕೊಳ್ಳುತ್ತಾರೆ ಅಲ್ವಾ? ಯಾವುದರಿಂದ ಯಾವುದಾಯಿತು ಅಂತ ಹೇಳೋದು ಹೇಗೆ? ಐಬಿಎಂನ ಡಿಸೈನ್ ಥಿಂಕಿಂಗ್ ವಿಧಾನದಿಂದ 301% ಲಾಭ ಅಂದ, ಫಾರೆಸ್ಟರ್ ಅನ್ನೋ ಸಂಶೋಧನಾ ಕಂಪನಿಯ ಅಧ್ಯಯನವನ್ನು ದುಡ್ಡು ಕೊಟ್ಟು ಮಾಡಿಸಿದ್ದೂ ಐಬಿಎಂ ಕಂಪನಿಯೇ.

ನನಗೆ ಇದಕ್ಕಿಂತ ಎಂಬ್ರೇಸ್ ಅನ್ನೋ, ಮಗುವನ್ನು ಬೆಚ್ಚಗಿಡುವ ಚೀಲದ ಕಥೆ ಮುಖ್ಯ. 2007ರಲ್ಲಿ ಸ್ಟ್ಯಾನ್‌ಫೋರ್ಡ್ ವಿದ್ಯಾರ್ಥಿಗಳಿಗೆ ಹಸುಗೂಸುಗಳನ್ನು ಬೆಚ್ಚಗಿಡುವ, ಕಡಿಮೆ ಬೆಲೆಯ ಇನ್‌ಕ್ಯುಬೇಟರ್ ಮಾಡಿ ಅಂತ ಕೆಲಸ ಕೊಟ್ಟಿದ್ದರು. ನೇಪಾಳಕ್ಕೆ ಹೋಗಿ ನೋಡಿದರೆ ಪಟ್ಟಣದ ಆಸ್ಪತ್ರೆಯಲ್ಲಿ ಇನ್‌ಕ್ಯುಬೇಟರ್‌ಗಳು ಸುಮ್ನೆ ಖಾಲಿ ಇದ್ದವು, ಅವಧಿಗೆ ಮುಂಚೆ ಹುಟ್ಟುವ ಮಕ್ಕಳು ಹಳ್ಳಿಯಲ್ಲಿದ್ದರು. ಅಲ್ಲಿಗೆ ಪ್ರಶ್ನೆಯೇ ಬದಲಾಯಿತು. ಮಗುವನ್ನು ಸುತ್ತುವ ಚಿಕ್ಕ ಚೀಲ, ಒಳಗೆ ಮೇಣದಂಥ ವಸ್ತು, ಒಮ್ಮೆ ಬಿಸಿ ಮಾಡಿದರೆ ಗಂಟೆಗಟ್ಟಲೆ 37 ಡಿಗ್ರಿ ಹಿಡಿದಿಡುತ್ತದೆ. ಆಮೇಲೆ ಆ ತಂಡ ಬೆಂಗಳೂರಿಗೇ ಬಂದು ಕೆಲಸ ಮಾಡಿತು. ಯಂತ್ರದ ಬೆಲೆ ಎಷ್ಟು ಇಳಿಯಿತು ಅಂತ ಅಳೆದಿದ್ದರೆ ಈ ಕೆಲಸದ ಬೆಲೆ ಗೊತ್ತಾಗುತ್ತಲೇ ಇರಲಿಲ್ಲ. ಮಗುವಿನ ಮೈ ಬೆಚ್ಚಗಿದೆಯಾ ಅಂತ ಅಳೆದರೆ ಗೊತ್ತಾಗುತ್ತದೆ.

ಈಗ ಕೋಲಾರದ ಟೊಮೆಟೊ ಮಾರ್ಕೆಟ್‌ಗೆ ಬನ್ನಿ. ಟೊಮೆಟೊ ರೇಟು ತೋರಿಸೋ ಆ್ಯಪ್ ವಿದ್ಯಾರ್ಥಿಗಳಿಗೆ ಥಟ್ಟನೆ ಹೊಳೆಯುವ ಐಡಿಯಾ. ರೇಟು ಬೇಕಾದರೆ ರೈತ ಮಂಡಿಗೆ ಒಂದು ಫೋನ್ ಮಾಡುತ್ತಾನೆ. ಹಣ್ಣು ಕಿತ್ತ ಮೇಲೆ ರೇಟು ಬಿತ್ತು ಅಂತ ಗೊತ್ತಾದರೆ ಏನು ಮಾಡಬೇಕು? ಹಣ್ಣು ಕಾಯೋದಿಲ್ಲ, ಕಿತ್ತವರ ಕೂಲಿ, ಗಾಡಿ ಬಾಡಿಗೆ ಆಗಲೇ ತಲೆ ಮೇಲಿರುತ್ತದೆ. ಇಂಥ ಕಡೆ ಡೌನ್‌ಲೋಡ್ ಎಷ್ಟಾಯಿತು ಅಂತ ಎಣಿಸಿ ಮಾರ್ಕ್ಸ್ ಕೊಟ್ಟರೆ ಮಕ್ಕಳು ಕಲಿಯೋದು ತಪ್ಪು ಪಾಠ. 15 ಕೆಜಿ ಬಾಕ್ಸ್‌ಗೆ ಖರ್ಚು ಕಳೆದು ರೈತನ ಕೈಗೆ ಉಳಿದದ್ದೆಷ್ಟು, ದಾರಿಯಲ್ಲಿ ಜಜ್ಜಿ ಹೋದದ್ದೆಷ್ಟು, ಹರಾಜಿಗೆ ಕಾದದ್ದು ಎಷ್ಟು ಹೊತ್ತು, ಇದನ್ನು ಎಣಿಸಬೇಕು.

ಅದೂ ಕೆಲಸ ಶುರುವಾಗುವ ಮೊದಲೇ ಎಣಿಸಿ ಬರೆದಿಡಬೇಕು! ಮುಂಚೆ ಹೇಗಿತ್ತು ಅನ್ನೋ ಲೆಕ್ಕವೇ ಇಲ್ಲದಿದ್ದರೆ ಆಮೇಲೆ ಸುಧಾರಿಸಿದೆ ಅಂತ ಯಾರೂ ಸಾಬೀತು ಮಾಡೋಕಾಗಲ್ಲ. ಟೊಮೆಟೊ ರೇಟು ತಾನಾಗೇ ಏರಿದ ಸೀಸನ್‌ನಲ್ಲಿ ಎಲ್ಲ ಪ್ರಾಜೆಕ್ಟೂ ಗೆದ್ದ ಹಾಗೆ ಕಾಣುತ್ತದೆ, ಅದಕ್ಕೇ ಪ್ರಾಜೆಕ್ಟ್ ತಲುಪದ ಪಕ್ಕದ ಊರಿನ ರೈತರ ಲೆಕ್ಕವೂ ಜೊತೆಗಿರಬೇಕು. ಮಾಡಿ ನೋಡಿ ಬೇಡ ಅಂತ ಕೈಬಿಟ್ಟ ಐಡಿಯಾಗಳನ್ನೂ ಬರೆಯಲಿ, ದುಡ್ಡು ಸುರಿಯುವ ಮುಂಚೆಯೇ ಇದು ಬೇಡ ಅಂತ ತಿಳಿದದ್ದು ದೊಡ್ಡ ಉಳಿತಾಯ.

ನಮ್ಮ ಕಡೆಯ ಕಾಲೇಜುಗಳ ಮೇಷ್ಟ್ರುಗಳಿಗೆ, ಮೇಡಮ್‌ಗಳಿಗೆ ನನ್ನ ಕೋರಿಕೆ ಇಷ್ಟೇ. ಎಕ್ಸಿಬಿಷನ್‌ನಲ್ಲಿ ಪೋಸ್ಟರ್‌ಗೆ ಕೊಡೋ ಮಾರ್ಕ್ಸ್‌ನಲ್ಲಿ ಅರ್ಧ ತೆಗೆದು, ಒಂದು ಸೀಸನ್ ಬಿಟ್ಟು ಅದೇ ರೈತನ ಹತ್ತಿರ ಮತ್ತೆ ಹೋಗಿ ಲೆಕ್ಕ ತಂದವರಿಗೆ ಕೊಡಿ.