ಶನಿವಾರದ ಏಳರಾಟ

2018ರ ಬೇಸಿಗೆಯಲ್ಲಿ ಅಮೆರಿಕದ ನೆಬ್ರಾಸ್ಕಾ ರಾಜ್ಯದ ಲಿಂಕನ್ ಊರಿಗೆ ಬಂದಾಗ ಪಕ್ಕದ ಮನೆಯ ಅಜ್ಜ ನನಗೊಂದು ಕೆಂಪು ಟೀ ಶರ್ಟ್ ಕೊಟ್ಟರು. "ಪಂದ್ಯದ ಶನಿವಾರ ಇದನ್ನು ಹಾಕ್ಕೋ. ಇಲ್ಲದಿದ್ದರೆ ಎಲ್ಲರೂ ನಿನ್ನನ್ನೇ ನೋಡ್ತಾರೆ" ಎಂದರು. ತಮಾಷೆ ಅಂದುಕೊಂಡು ನೀಲಿ ಅಂಗಿಯಲ್ಲೇ ಹಾಲು ತರಲು ಹೋದೆ. ಎಲ್ಲರೂ ನೋಡಿದರು.

ಕಾಲಿಗಿಂತ ಕೈಗೇ ಜಾಸ್ತಿ ಕೆಲಸವಿರುವ, ಮೊಟ್ಟೆಯಂಥ ಚೆಂಡಿನ ಅಮೆರಿಕನ್ ಫುಟ್‌ಬಾಲ್ ಇದು. ಆಡುವವರು ಇಲ್ಲಿನ ವಿಶ್ವವಿದ್ಯಾಲಯದ ಹುಡುಗರು. ತಂಡದ ಹೆಸರು ಕಾರ್ನ್‌ಹಸ್ಕರ್ಸ್. ಅಂದರೆ ಮುಸುಕಿನ ಜೋಳದ ಮುಸುಕು ಬಿಡಿಸುವವರು. ಹಾಸನದ ಕಡೆಯ ನನಗೆ ಹೆಸರು ಕೇಳಿಯೇ ಅರ್ಧ ನೆಂಟಸ್ತನ ಆಗಿಹೋಯಿತು. ನಮ್ಮೂರ ಕಣದಲ್ಲಿ ಜೋಳ ಬಿಡಿಸಿದವರಿಗೆ ಯಾರೂ ಚಪ್ಪಾಳೆ ತಟ್ಟಿದ್ದು ನಾನು ಕಂಡಿಲ್ಲ. ಇಲ್ಲಿ 85 ಸಾವಿರ ಜನ ಕೂತು ತಟ್ಟುತ್ತಾರೆ. ಕೊರೊನಾ ವರ್ಷ ಬಿಟ್ಟರೆ, 1962ರಿಂದ ಈ ಕ್ರೀಡಾಂಗಣದ ಪ್ರತಿ ಪಂದ್ಯದ ಟಿಕೆಟ್ಟೂ ಖರ್ಚಾಗುತ್ತಲೇ ಬಂದಿದೆ.

ನಾನು ಬಂದ ವರ್ಷವೇ ಹೊಸ ಕೋಚ್ ಕೂಡ ಬಂದಿದ್ದರು. ಸ್ಕಾಟ್ ಫ್ರಾಸ್ಟ್. ಇದೇ ರಾಜ್ಯದ ಚಿಕ್ಕ ಊರಿನ ಹುಡುಗ. 1997ರಲ್ಲಿ ಇದೇ ತಂಡಕ್ಕಾಗಿ ಆಡಿ ರಾಷ್ಟ್ರೀಯ ಚಾಂಪಿಯನ್ ಪಟ್ಟ ತಂದವರು. ಇಲ್ಲಿಗೆ ಕೋಚ್ ಆಗಿ ಬರುವ ಹಿಂದಿನ ವರ್ಷ, 2017ರಲ್ಲಿ, ಫ್ಲಾರಿಡಾದ ಒಂದು ತಂಡವನ್ನು ಒಂದೂ ಪಂದ್ಯ ಸೋಲದಂತೆ ನಡೆಸಿ ಬಂದಿದ್ದರು. ಕಳೆದುಹೋದ ಮನೆ ಮಗ ವಾಪಸ್ ಬಂದ ಹಾಗೆ ಊರಿಡೀ ಸಂಭ್ರಮ.

ಮನೆ ಮಗ ಮೊದಲ ಆರು ಪಂದ್ಯಗಳನ್ನೂ ಸೋತ.

"ಮೊದಲ ವರ್ಷ ಅಲ್ವಾ" ಎಂದರು ಅಜ್ಜ. ಎರಡನೇ ವರ್ಷವೂ ಸೋಲೇ ಜಾಸ್ತಿ. "ಇವನೇ ಆರಿಸಿ ತಂದ ಹುಡುಗರು ಇನ್ನೂ ಬಲೀಬೇಕು." ಮೂರನೆಯದು ಕೊರೊನಾ, ಅದನ್ನು ಬಿಡಿ. ನಾಲ್ಕನೇ ವರ್ಷ ಒಂಬತ್ತು ಸೋಲು. ಅದರಲ್ಲಿ ಒಂದರಲ್ಲೂ ಅಂತರ ಹತ್ತು ಅಂಕ ಮುಟ್ಟಲಿಲ್ಲ. ನನ್ನನ್ನು ಕೇಳಿದರೆ ಇದಕ್ಕಿಂತ ಕ್ರೂರವಾದದ್ದಿಲ್ಲ. ಹೀನಾಯವಾಗಿ ಸೋತರೆ ಟಿವಿ ಆರಿಸಿ ಊಟಕ್ಕೆ ಏಳಬಹುದು. ಕೂದಲೆಳೆಯಲ್ಲಿ ಸೋತರೆ ಮುಂದಿನ ಶನಿವಾರಕ್ಕೆ ಮತ್ತೆ ಆಸೆ. ತಾಳಿದವನು ಬಾಳಿಯಾನು ಅಂದವರು ಇಂಥ ಪಂದ್ಯಗಳ ಕೊನೆಯ ಎರಡು ನಿಮಿಷ ನೋಡಿದವರಲ್ಲ.

2022ರ ಸೆಪ್ಟೆಂಬರಿನ ಶನಿವಾರವೊಂದರಂದು ಜಾರ್ಜಿಯಾ ಸದರ್ನ್ ಎಂಬ ತಂಡ ಇಲ್ಲಿಗೇ ಬಂದು 45-42ರಲ್ಲಿ ಸೋಲಿಸಿ ಹೋಯಿತು. ಮಾರನೇ ದಿನವೇ ಫ್ರಾಸ್ಟ್ ಕೆಲಸ ಹೋಯಿತು. ಒಪ್ಪಂದ ಮುರಿದದ್ದಕ್ಕೆ ಅವರಿಗೆ ಕೊಡಬೇಕಾದ ಹಣ ಸುಮಾರು ಒಂದೂವರೆ ಕೋಟಿ ಡಾಲರ್. ಅಕ್ಟೋಬರ್ 1ರವರೆಗೆ ಸುಮ್ನೆ ಇದ್ದಿದ್ದರೆ ಅದರಲ್ಲಿ ಅರ್ಧ ಸಾಕಿತ್ತು. ಇಪ್ಪತ್ತು ದಿನ! ತರಕಾರಿ ಕೊಳ್ಳುವಾಗ ಎರಡು ರೂಪಾಯಿಗೆ ಹತ್ತು ನಿಮಿಷ ಚೌಕಾಸಿ ಮಾಡುವ ಮನೆಯಿಂದ ಬಂದ ನನಗೆ ರಾತ್ರಿ ನಿದ್ದೆ ಬರಲಿಲ್ಲ. ಅಜ್ಜನಿಗೆ ಅದೇನೂ ದೊಡ್ಡದಲ್ಲ. "ಆ ಇಪ್ಪತ್ತು ದಿನದಲ್ಲಿ ಇನ್ನೆರಡು ಶನಿವಾರ ಬರ್ತಿತ್ತು" ಎಂದರು.

ಅಜ್ಜನ ಗ್ಯಾರೇಜಿನಲ್ಲಿ ಟಾಮ್ ಓಸ್ಬೋರ್ನ್ ಅವರ ಫೋಟೋ ಇದೆ. ನಮ್ಮ ಅಂಗಡಿಗಳಲ್ಲಿ ಗಲ್ಲಾಪೆಟ್ಟಿಗೆಯ ಮೇಲೆ ದೇವರ ಪಟ ಇರುತ್ತದಲ್ಲ, ಹಾಗೆ. ಓಸ್ಬೋರ್ನ್ 1973ರಿಂದ 1997ರವರೆಗೆ ಇಪ್ಪತ್ತೈದು ವರ್ಷ ಇಲ್ಲಿ ಕೋಚ್ ಆಗಿದ್ದರು. 255 ಗೆಲುವು, ಮೂರು ರಾಷ್ಟ್ರೀಯ ಪಟ್ಟ. ಆಮೇಲೆ ಯಾರೇ ಬಂದರೂ ಆ ಫೋಟೋದ ಪಕ್ಕದಲ್ಲೇ ನಿಲ್ಲಬೇಕು. ಅತ್ತೆಯ ಸಾರಿನ ರುಚಿ ಇನ್ನೂ ಎಲ್ಲರ ನಾಲಿಗೆಯ ಮೇಲಿರುವ ಮನೆಗೆ ಸೊಸೆಯಾಗಿ ಬಂದ ಹಾಗೆ. ಅವರ ನಂತರ ಬಂದ ಫ್ರಾಂಕ್ ಸೋಲಿಚ್ 2003ರಲ್ಲಿ ಒಂಬತ್ತು ಗೆದ್ದು ಮೂರು ಸೋತಿದ್ದರು. ಸಾಲದು ಎಂದು ತೆಗೆದರು. ಮರುವರ್ಷವೇ ಗೆಲುವಿಗಿಂತ ಸೋಲು ಜಾಸ್ತಿಯಾಯಿತು. 1961ರ ನಂತರ ಅದೇ ಮೊದಲು.

ಒಂದು ಸಲ ಅಂಗಳದ ಎಲೆ ಗುಡಿಸುತ್ತಾ ಅಜ್ಜ ಒಂದು ಗುಟ್ಟು ಹೇಳಿದರು. ಓಸ್ಬೋರ್ನ್ ಕೋಚ್ ಆದ ಮೊದಲ ಐದು ವರ್ಷವೂ ನೆಬ್ರಾಸ್ಕಾ ಬದ್ಧವೈರಿ ಓಕ್ಲಹೋಮಾದ ಎದುರು ಸೋತಿತ್ತು. ಆಗ ಅಜ್ಜ ಇಪ್ಪತ್ತರ ಬಿಸಿರಕ್ತದ ಹುಡುಗ. "ಇವನಿಂದ ದೊಡ್ಡ ಪಂದ್ಯ ಗೆಲ್ಲೋಕಾಗಲ್ಲ, ಕಳಿಸಿಬಿಡಿ" ಎಂದು ವಿಶ್ವವಿದ್ಯಾಲಯಕ್ಕೆ ಕಾಗದ ಬರೆದಿದ್ದರಂತೆ. 1978ರಲ್ಲಿ ಕೊನೆಗೂ ಓಕ್ಲಹೋಮಾವನ್ನು ಗೆದ್ದರೂ, ಆ ವರ್ಷದ ಕೊನೆಗೆ ಓಸ್ಬೋರ್ನ್ ಕೊಲರಾಡೋ ತಂಡದ ಕೋಚ್ ಆಗಿ ಹೋಗುವ ಯೋಚನೆ ಮಾಡಿದ್ದರು. ಹೋಗಲಿಲ್ಲ. ಮೊದಲ ರಾಷ್ಟ್ರೀಯ ಪಟ್ಟ ಬಂದದ್ದು 1994ರಲ್ಲಿ, ಅವರ ಇಪ್ಪತ್ತೆರಡನೇ ವರ್ಷ.

"ಆ ಕಾಗದ?" ಎಂದೆ.

"ಉತ್ತರ ಬರಲಿಲ್ಲ. ಸದ್ಯ" ಎಂದು ಅಜ್ಜ ಎಲೆಗಳನ್ನು ಚೀಲಕ್ಕೆ ತುಂಬಿದರು.

ಈಗಿನ ಕೋಚ್ ಮ್ಯಾಟ್ ರೂಲ್. ಎಂಟು ವರ್ಷಕ್ಕೆ 7 ಕೋಟಿ 40 ಲಕ್ಷ ಡಾಲರ್ ಒಪ್ಪಂದದ ಮೇಲೆ ಬಂದವರು. ಹೊಸದರಲ್ಲಿ ಅಗಸ ಎತ್ತೆತ್ತಿ ಒಗೆದನಂತೆ ಎಂಬ ಗಾದೆ ಇವರಿಗೆ ಹೊಂದುವುದಿಲ್ಲ. ಇವರದು ಉಲ್ಟಾ ಲೆಕ್ಕ. ಹಿಂದೆ ಕೋಚ್ ಆಗಿದ್ದ ಟೆಂಪಲ್ ವಿಶ್ವವಿದ್ಯಾಲಯದಲ್ಲಿ ಮೊದಲ ವರ್ಷ ಎರಡೇ ಗೆಲುವು, ಮೂರನೇ ವರ್ಷ ಹತ್ತು. ಆಮೇಲೆ ಬೇಲರ್ ವಿಶ್ವವಿದ್ಯಾಲಯದಲ್ಲಿ ಮೊದಲ ವರ್ಷ ಒಂದೇ ಒಂದು, ಮೂರನೇ ವರ್ಷ ಹನ್ನೊಂದು. ಹಾಗಾಗಿ ಊರಿನ ತಾಳ್ಮೆಗೊಂದು ತಾರೀಖು ಸಿಕ್ಕಿತು. ಕ್ಷೌರದಂಗಡಿಯಲ್ಲೂ "ಮೂರನೇ ವರ್ಷ ನೋಡು" ಎಂಬ ಮಾತು.

ಮೊದಲ ವರ್ಷ, 2023ರಲ್ಲಿ, ಐದು ಗೆಲುವು. ಅಲ್ಲಿಗೆ 2017ರಿಂದ ಸಾಲಾಗಿ ಏಳು ವರ್ಷ ಗೆಲುವಿಗಿಂತ ಸೋಲೇ ಜಾಸ್ತಿ. ಫೋನಿನಲ್ಲಿ ಅಮ್ಮನಿಗೆ ಹೇಳಿದೆ. ಅಮ್ಮನಿಗೆ ಆಟ ಗೊತ್ತಿಲ್ಲ, ಲೆಕ್ಕ ಗೊತ್ತು. "ಶನಿವಾರ ಆಡ್ತಾರೆ, ಏಳು ವರ್ಷದಿಂದ ಸೋಲ್ತಾರೆ ಅಂತೀಯ. ಏಳರಾಟ ಕಣಪ್ಪ ಅದು. ಇನ್ನು ಆರು ತಿಂಗಳು" ಎಂದರು.

ನಗಬೇಡಿ. 2024ರಲ್ಲಿ ಏಳು ಗೆಲುವು ಬಂತು. ವರ್ಷದ ಕೊನೆಯ ಪಂದ್ಯವನ್ನು ನ್ಯೂಯಾರ್ಕಿನ ಯಾಂಕೀ ಸ್ಟೇಡಿಯಮ್ಮಿನಲ್ಲಿ ಗೆದ್ದರು. ಒಂಬತ್ತು ಗೆದ್ದವರನ್ನು ಓಡಿಸಿದ ಊರು ಏಳಕ್ಕೆ ಕುಣಿಯಿತು. ನಾನೂ ಕುಣಿದೆ. ಆಫೀಸಿನಲ್ಲಿ ಹೊಸದಾಗಿ ಸೇರಿದವರಿಗೆ ಆರು ತಿಂಗಳು ಕೊಡಿ ಎಂದು ವಾದಿಸುವವನು ನಾನೇ. ಮೂರನೇ ಕ್ವಾರ್ಟರ್‌ನಲ್ಲಿ ಹುಡುಗನೊಬ್ಬ ಚೆಂಡು ಕೈಬಿಟ್ಟರೆ "ಕೋಚನ್ನು ಮನೆಗೆ ಕಳಿಸಿ" ಎಂದು ಟಿವಿಗೆ ಕೂಗುವವನೂ ನಾನೇ.

ಆಮೇಲೆ ಬಂತು 2025, ಎಲ್ಲರೂ ಕಾದ ಮೂರನೇ ವರ್ಷ. ಮತ್ತೆ ಏಳೇ ಗೆಲುವು. ಒಂದೂ ಜಾಸ್ತಿ ಇಲ್ಲ. ಅಜ್ಜ ಎರಡು ದಿನ ಬೇಲಿಯ ಹತ್ತಿರ ಬರಲಿಲ್ಲ. ಮೂರನೇ ದಿನ ಬಂದು ಹೊಸ ಲೆಕ್ಕ ಕೊಟ್ಟರು. ಮೊದಲ ವರ್ಷ ಹಳೆಯ ಕೋಚಿನ ಹುಡುಗರೇ ಇದ್ದದ್ದು, ಅದನ್ನು ಎಣಿಸುವ ಹಾಗಿಲ್ಲ. ಆದ್ದರಿಂದ ನಿಜವಾದ ಮೂರನೇ ವರ್ಷ ಇನ್ನೂ ಬರಬೇಕು.

ಅಮ್ಮನನ್ನು ಕೇಳಿದೆ. ಶನಿ ಬಿಡುವಾಗ ಸ್ವಲ್ಪ ಎಳೆದಾಡುತ್ತಾನೆ, ಆದರೆ ಹೋಗ್ತಾ ಹೋಗ್ತಾ ಒಳ್ಳೇದು ಮಾಡಿಯೇ ಹೋಗ್ತಾನೆ, ಶನಿವಾರ ಒಂದು ಎಳ್ಳುಬತ್ತಿ ಹಚ್ಚೋಕೆ ಹೇಳು ಎಂದರು. ಹೇಗೋ ಇಂಗ್ಲಿಷಿನಲ್ಲಿ ಅಜ್ಜನಿಗೆ ವಿವರಿಸಿದೆ. ಅವರು ನಗಲಿಲ್ಲ. ಟೋಪಿ ತೆಗೆದು ತಲೆ ಕೆರೆದುಕೊಂಡರು.

"ಪಂದ್ಯ ಶುರುವಾಗೋಕೆ ಮುಂಚೆ ಹಚ್ಚಬೇಕಾ, ಆಮೇಲಾ?"